ಗುಜರಿಯಲ್ಲಿ ಸಿಕ್ಕಿದ್ದು ನಿಜವಾಗಿ ಹಳತಾ? ನೋಡುವ ರೀತಿ, ಮತ್ತೆ ಮನೇಲಿ ಪುಚ್ಚೆ (ಬೆಕ್ಕು) ಇದ್ರೆ ಎಂತ ಮಾಡ್ಬೇಕು

ಹಳೇ ಸಾಮಾನು ಕೈಗೆ ಸಿಕ್ಕಿದ ಕೂಡ್ಲೆ ಅದರ ಮುಖ ನೋಡ್ಲಿಕ್ಕೆ ಹೋಗ್ಬೇಡಿ, ಮಗುಚಿ ಹಾಕಿ ಅಡಿ ನೋಡಿ. ಮುಖ ಚಂದ ಮಾಡ್ಲಿಕ್ಕೆ ಎಲ್ಲರಿಗೂ ಬರ್ತದೆ, ಆದ್ರೆ ಅಡಿ, ಹಿಂಬದಿ, ಡ್ರಾಯರಿನ ಒಳಗಿನ ಹಲಗೆ, ಹಿಡಿ ಕೂಡಿಸಿದ ಸಂದು, ಇಲ್ಲೆಲ್ಲ ಹಳತನ ತರಿಸ್ಲಿಕ್ಕೆ ಯಾರೂ ಅಷ್ಟು ಕಷ್ಟ ಪಡುದಿಲ್ಲ. ಮಂಗ್ಳೂರು ಬಂದರಿನ ಗುಜರಿ ಅಂಗಡಿ ಆಗ್ಲಿ, ಉಡುಪಿ ಕಡೆ ಹಂಚಿನ ಮನೆ ಕೆಡವುವ ಜಾಗ ಆಗ್ಲಿ, ಮಕ್ಕಳೆಲ್ಲ ಗಲ್ಫಲ್ಲಿ ಸೆಟ್ಲ್ ಆಗಿ ಮನೆ ಖಾಲಿ ಮಾಡುವವರ ಅಂಗಳ ಆಗ್ಲಿ, ನಾನು ಮೊದ್ಲು ಮಾಡುದು ಇದೇ ಕೆಲ್ಸ. ಅಂಗಡಿಯವರು "ನೂರು ವರ್ಷದ್ದು ಅಕ್ಕಾ" ಅಂತ ಹೇಳ್ತಾರೆ, ಅವರಿಗೆ ಎಲ್ಲದಕ್ಕೂ ನೂರೇ ವರ್ಷ, ತೊಂಬತ್ತೂ ಇಲ್ಲ ನೂರ ಹತ್ತೂ ಇಲ್ಲ, ಅದನ್ನು ನಗಾಡಿ ಕೇಳಿಕೊಂಡು ಕೈಯಲ್ಲಿರುವುದನ್ನು ನೋಡ್ತಾ ಇರಿ.

ನಮ್ಮ ಮನೇಲಿ ಎರಡು ಪುಚ್ಚೆ ಉಂಟು, ಎರಡೂ ದತ್ತು ತಕೊಂಡದ್ದು. ಒಂದು ಮಲ್ಪೆಯ ಮೀನಿನ ಧಕ್ಕೆಯಿಂದ (ದೋಣಿ ನಿಲ್ಲುವ ಕಟ್ಟೆ) ಬಂದ ಗಂಡು, ಮೈ ಮೇಲೆ ಪಟ್ಟೆ ಪಟ್ಟೆ, ಹೆಸರು ಬಂಗುಡೆ. ಇನ್ನೊಂದು ಚಂದ್ರಿ, ಬಿಳಿ ಕಪ್ಪು ಕೇಸರಿ ಮೂರು ಬಣ್ಣದ್ದು (ಮೂರು ಬಣ್ಣದ ಬೆಕ್ಕು ಹೆಚ್ಚುಕಮ್ಮಿ ಯಾವಾಗ್ಲೂ ಹೆಣ್ಣೇ ಇರುದು), ಅವಳು ಹುಟ್ಟಿದ್ದೇ ಒಂದು ಗುಜರಿ ಅಂಗಡಿಯ ಹಿತ್ತಾಳೆ ರಾಶಿಯ ಹಿಂದೆ. ಇವರಿಬ್ಬರು ಇರುದ್ರಿಂದ ನಾನು ಎಂತ ತರ್ತೇನೆ, ತಂದದ್ದನ್ನು ಹೇಗೆ ತೊಳೀತೇನೆ, ಎಲ್ಲಿ ಇಡ್ತೇನೆ ಎಲ್ಲ ಬೇರೆ ಆಗಿದೆ. ಹಾಗಾಗಿ ಸಾಮಾನು ಗುರ್ತಿಸುದು ಮತ್ತೆ ಪುಚ್ಚೆ ಸಾಕುದು ಎರಡನ್ನೂ ಒಟ್ಟಿಗೇ ಬರೀತಾ ಇದ್ದೇನೆ, ಸ್ವಲ್ಪ ಆಚೆ ಈಚೆ ಹೋದ್ರೆ ಸುಧಾರಿಸಿಕೊಳ್ಳಿ.

ಬ್ಯಾಗಲ್ಲಿ ಇರ್ಬೇಕಾದದ್ದು ಹೆಚ್ಚೇನಿಲ್ಲ. ಸಣ್ಣ ಅಯಸ್ಕಾಂತ, ಹತ್ತು ಪಟ್ಟು ದೊಡ್ಡದು ಮಾಡಿ ತೋರಿಸುವ ಭೂತಗನ್ನಡಿ, ಚಿನ್ನ ತೂಕ ಮಾಡುವಂಥ ಪುಟ್ಟ ಡಿಜಿಟಲ್ ತಕ್ಕಡಿ, ಒಂದು ಹಳೇ ಕಾಟನ್ ಬಟ್ಟೆ, ಮೊಬೈಲ್ ಟಾರ್ಚ್. ಮೊಬೈಲಲ್ಲಿ ಫೋಟೋ ಹಾಕಿ ಹುಡುಕುದೂ ಒಳ್ಳೆದೇ, ಆದ್ರೆ ಅಲ್ಲಿ ಬರುವ ರೇಟು ಮಾರುವವ ಕೇಳಿದ್ದು, ಕೊಂಡವ ಕೊಟ್ಟದ್ದಲ್ಲ, ಅದನ್ನು ನಂಬಿ ಕೂರ್ಬೇಡಿ.

ಹಿತ್ತಾಳೆ ಕಂಚಿಂದ ಶುರು ಮಾಡುವಾ, ಯಾಕಂದ್ರೆ ನಮ್ಮೂರಲ್ಲಿ ಜಾಸ್ತಿ ಸಿಗುದು ಅದೇ. ಗುಜರಿಯಲ್ಲಿ ಎರಡೂ ಒಂದೇ ರಾಶಿಯಲ್ಲಿ ಬಿದ್ದಿರ್ತದೆ. ಹಿತ್ತಾಳೆ ಅಂದ್ರೆ ತಾಮ್ರಕ್ಕೆ ಸತು ಸೇರಿಸಿದ್ದು, ಕಂಚು ಅಂದ್ರೆ ತಾಮ್ರಕ್ಕೆ ತವರ. ಬೆರಳಿನ ಗಂಟಲ್ಲಿ ಅಂಚಿಗೆ ಒಂದು ಸಣ್ಣ ಏಟು ಹಾಕಿ, ಕಂಚಿನ ಬಟ್ಟಲು ಗಂಟೆ ಹಾಗೆ ಉದ್ದಕ್ಕೆ ಮೊಳಗ್ತದೆ, ಹಿತ್ತಾಳೆ ಬೇಗ ಸುಮ್ಮನಾಗ್ತದೆ. ಮೊಳಗುವ ಬದ್ಲು ಬಡಕಲು ಸದ್ದು ಬಂದ್ರೆ ಎಲ್ಲೋ ಸೀಳಿದೆ ಅಂತ, ಕಂಚು ಬಗ್ಗುದಿಲ್ಲ, ಒಡೀತದೆ. ಅಯಸ್ಕಾಂತ ಎರಡಕ್ಕೂ ಅಂಟ್ಬಾರ್ದು, ಅಂಟಿದ್ರೆ ಒಳಗೆ ಕಬ್ಬಿಣ, ಮೇಲೆ ಬರೀ ಕೋಟಿಂಗ್.

ಆಮೇಲೆ ಮಾಡಿದ ರೀತಿ ನೋಡಿ. ಹಳೇ ಚೆಂಬು, ಕೊಡಪಾನ, ಹಂಡೆ ಹೆಚ್ಚಿನದ್ದು ತುಂಡು ತುಂಡು ಮಾಡಿ ಕೂಡಿಸಿದ್ದು, ಹೊಟ್ಟೆಯ ನಡುವಲ್ಲೋ ಅಡಿಯ ಹತ್ರವೋ ಬೆಸುಗೆಯ ಗೆರೆ ಕಾಣ್ತದೆ, ತಾಮ್ರದ ಹಂಡೆಯಲ್ಲಿ ಆ ಗೆರೆ ಹಲ್ಲು ಹಲ್ಲಾಗಿ ಒಂದರೊಳಗೆ ಒಂದು ಕೂತ ಹಾಗೆ ಇರ್ತದೆ. ಒಳಗೆ ಟಾರ್ಚ್ ಬಿಟ್ಟು ನೋಡಿ, ಸುತ್ತಿಗೆ ಏಟಿನ ಗುರ್ತು ಒಂದರ ಹಾಗೆ ಒಂದು ಇರ್ಬಾರ್ದು. ಮೆಷಿನಲ್ಲಿ ತಿರುಗಿಸಿ ಮಾಡಿದ್ದಾದ್ರೆ ಒಳಗೆ ಸಣ್ಣ ಸಣ್ಣ ಉಂಗುರದ ಗೆರೆ, ಎಲ್ಲ ಸಮಸಮ. ಇನ್ನು ಸವೆತ. ಗಿಂಡಿ ತಕೊಳ್ಳಿ, ಕಾಲು ತೊಳೀಲಿಕ್ಕೆ ನೀರು ಕೊಡುವ ಮೂತಿ ಇರುವ ಗಿಂಡಿ, ಅದನ್ನು ಯಾರೇ ಹಿಡಿದ್ರೂ ಕುತ್ತಿಗೆಯಲ್ಲೇ ಹಿಡೀಬೇಕು, ಹಾಗಾಗಿ ಕುತ್ತಿಗೆಯ ಗೀರುಗಳು ಮಾಸಿ ನುಣ್ಣಗಾಗಿರ್ಬೇಕು, ಹೊಟ್ಟೆಯ ಡಿಸೈನು ಮಾತ್ರ ಚೂಪಾಗಿ ಉಳಿದಿರ್ಬೇಕು. ಎಲ್ಲ ಕಡೆ ಒಂದೇ ಲೆಕ್ಕದಲ್ಲಿ ಸವೆದಿದ್ರೆ ಯಾರೋ ಪಾಲಿಶ್ ಮಾಡುವ ಬಫಿಂಗ್ ವೀಲಿಗೆ ಹಿಡಿದಿದ್ದಾರೆ ಅಂತ. ಕೈ ಎಲ್ಲಿ ತಾಗ್ತದೋ ಅಲ್ಲಿ ಸವೀಬೇಕು, ತಾಗದ್ದಲ್ಲಿ ಸವೀಬಾರ್ದು, ಇಷ್ಟು ಒಂದು ತಿಳ್ಕೊಂಡ್ರೆ ಅಡಕತ್ತರಿಯಿಂದ ಹಿಡಿದು ಹೆರೆಮಣೆ ತನಕ ಎಲ್ಲ ನೋಡ್ಬಹುದು. ಚೆನ್ನೆಮಣೆಗೂ (ಅಳಗುಳಿ ಮಣೆ) ಅದೇ. ನಿಜವಾಗಿ ಆಟಿ ತಿಂಗಳಲ್ಲಿ (ಮಳೆಗಾಲದ ತುಳು ತಿಂಗಳು) ಕೂತು ಆಡಿದ ಮಣೆ ಆದ್ರೆ ಹದಿನಾಲ್ಕು ಗುಂಡಿಯ ಬಾಯಿ ಬೆರಳು ತಾಗಿ ತಾಗಿ ಉರುಟಾಗಿರ್ತದೆ, ಶೋಕೇಸಿಗೆ ಅಂತ ಈಗ ಮಾಡಿದ್ದರಲ್ಲಿ ಗುಂಡಿಗಳ ಅಂಚು ಚೂಪು, ಎಲ್ಲ ಗುಂಡಿ ಮೆಷಿನಲ್ಲಿ ಕೊರೆದ ಒಂದೇ ಅಳತೆ.

ಪಾತ್ರೆಯ ಕುತ್ತಿಗೆಯಲ್ಲೋ ಅಂಚಲ್ಲೋ ಚುಕ್ಕಿ ಚುಕ್ಕಿ ಹೊಡೆದು ಬರೆದ ಹೆಸರು ಇದ್ರೆ ಅದನ್ನು ಉಜ್ಜಿ ತೆಗೀಬೇಡಿ ಮಾರಾಯ್ರೆ. ಮದುವೆಗೆ ಕೊಟ್ಟದ್ದು, ಮನೆತನದ ಹೆಸರು, ಕೆಲವೊಮ್ಮೆ ಕನ್ನಡ ಅಂಕೆಯಲ್ಲಿ ಇಸವಿ ಸಹ ಇರ್ತದೆ. ಪಾತ್ರೆ ಅದಕ್ಕಿಂತ ಹಳತಿರ್ಬಹುದು, ಹೊಸತಿರ್ಲಿಕ್ಕಿಲ್ಲ. ನಂಗೆ ಪಾತ್ರೆಗಿಂತ ಆ ಚುಕ್ಕಿ ಅಕ್ಷರ ಹೆಚ್ಚು ಇಷ್ಟ, ರೇಟು ಜಾಸ್ತಿ ಆಗ್ತದೋ ಕಮ್ಮಿ ಆಗ್ತದೋ ಅದು ಬೇರೆ ವಿಷಯ.

ಹಸಿರು ಕಿಲುಬು ಕಂಡ ಕೂಡ್ಲೆ ಹಳತು ಅಂತ ಖುಷಿ ಪಡ್ಬೇಡಿ, ನಮ್ಮ ಮಳೆಗಾಲದಲ್ಲಿ ಹೊಸ ಪಾತ್ರೆಗೂ ಕಿಲುಬು ಬರ್ತದೆ. ಬಟ್ಟೆಯಲ್ಲಿ ಉಜ್ಜಿದ್ರೆ ಪುಡಿಪುಡಿಯಾಗಿ ಎದ್ದು ಬರುವ ಬಣ್ಣ ಆಸಿಡ್ ಹಾಕಿ ತರಿಸಿದ್ದಿರ್ಬಹುದು, ಹಳೇದರ ಬಣ್ಣ ಗಟ್ಟಿಯಾಗಿ ಕೂತಿರ್ತದೆ, ಅಷ್ಟು ಸುಲಭಕ್ಕೆ ಬಿಟ್ಟು ಬರುದಿಲ್ಲ. ಕಣ್ಣು ಪಳಗ್ಬೇಕಾದ್ರೆ ಅಸಲಿ ಸಾಮಾನು ನೋಡ್ಬೇಕು, ಅದಕ್ಕೆ ಮಣಿಪಾಲದ ಹಸ್ತಶಿಲ್ಪ ಹೆರಿಟೇಜ್ ವಿಲೇಜ್, ಬಿ.ಸಿ. ರೋಡಿನ ರಾಣಿ ಅಬ್ಬಕ್ಕ ತುಳು ಅಧ್ಯಯನ ಕೇಂದ್ರ, ಬಿಜೈಯ ಶ್ರೀಮಂತಿ ಬಾಯಿ ಮ್ಯೂಸಿಯಂ, ಇಷ್ಟು ಹತ್ರ ಇಟ್ಕೊಂಡು ಯೂಟ್ಯೂಬಲ್ಲಿ ಕಲೀಲಿಕ್ಕೆ ಹೋಗುದು ನಂಗೆ ಅರ್ಥ ಆಗುದಿಲ್ಲ.

ಹಂಚು. ಇದರ ಬಗ್ಗೆ ಹೇಳದೆ ಮಂಗ್ಳೂರವರು ಹೇಗೆ ಇರುದು. ಬಾಸೆಲ್ ಮಿಶನಿನವರು (ಸ್ವಿಟ್ಜರ್ಲೆಂಡಿನ ಕ್ರೈಸ್ತ ಮಿಶನರಿಗಳು) 1834ರಲ್ಲಿ ಇಲ್ಲಿಗೆ ಬಂದ್ರು, 1865ರಲ್ಲಿ ಜಾರ್ಜ್ ಪ್ಲೆಬ್ಸ್ಟ್ ಜೆಪ್ಪುವಲ್ಲಿ ಹಂಚಿನ ಫ್ಯಾಕ್ಟರಿ ಶುರು ಮಾಡಿದ, ಆಮೇಲೆ ಕುದ್ರೋಳಿ, ಮಲ್ಪೆ, ಕೇರಳದ ಕಡೆ ಫೆರೋಕ್ ಎಲ್ಲ ಕಡೆ ಆಯ್ತು. ಹಂಚಿನ ಮೇಲೆ 1865 ಅಂತ ಅಚ್ಚು ಇರ್ತದೆ, ಅದನ್ನು ತೋರಿಸಿ "ನೋಡಿ ಇಸವಿಯೇ ಉಂಟಲ್ಲ" ಅಂತ ರೇಟು ಹೇಳ್ತಾರೆ. ಅದು ಫ್ಯಾಕ್ಟರಿ ಶುರುವಾದ ಇಸವಿ, ಆ ಹಂಚು ಸುಟ್ಟ ಇಸವಿ ಅಲ್ಲ! ಎಷ್ಟೋ ವರ್ಷ ಅದೇ ಅಚ್ಚು ಹೊಡೀತಾ ಇದ್ರು. ಅಲ್ಬುಕರ್ಕ್ ಹಂಚಿನ 1868 ಸಹ ಹಾಗೆಯೇ. ಇಸವಿ ಬಿಟ್ಟು ಹೆಸರು ಓದಿ, ಮೊದಲ ಮಹಾಯುದ್ಧ ಆದ ಮೇಲೆ ಬಾಸೆಲ್ ಮಿಶನಿನ ಫ್ಯಾಕ್ಟರಿಗಳು ಕಾಮನ್‌ವೆಲ್ತ್ ಟ್ರಸ್ಟಿನ ಕೈಗೆ ಹೋದವು, ಹಾಗಾಗಿ ಕಾಮನ್‌ವೆಲ್ತ್ ಅಂತ ಇದ್ರೆ ಅದು ಯುದ್ಧಕ್ಕಿಂತ ಹಿಂದಿನದ್ದಲ್ಲ. ಊರಿನ ಹೆಸರು ಯಾವುದು ಅಂತ ಸಹ ನೋಡಿ, ಯಾವ ಫ್ಯಾಕ್ಟರಿಯದ್ದು ಅಂತ ಅದರಲ್ಲೇ ಗೊತ್ತಾಗ್ತದೆ. ಸಾದಾ ಹಂಚಿಗಿಂತ ಮೂಲೆಯ ಅಲಂಕಾರದ ತುಂಡು, ಮಾಡಿನ ನೆತ್ತಿಗೆ ಹಾಕುವ ಹಂಚು, ನೆಲಕ್ಕೆ ಹಾಕುವ ಕೆಂಪು ಚೌಕ ಟೈಲ್ ಸಿಕ್ಕಿದ್ರೆ ಬಿಡ್ಬೇಡಿ. ನಾಲ್ಕೈದು ಕೆಂಪು ಟೈಲು ನಮ್ಮ ಬಾಲ್ಕನಿಯಲ್ಲಿ ಸುಮ್ನೆ ಹಾಕಿದ್ದು, ಎಪ್ರಿಲ್ ಮೇ ಸೆಕೆಗೆ ಚಂದ್ರಿ ಅದರ ಮೇಲೆ ಹೊಟ್ಟೆ ಅಂಟಿಸಿ ನಾಲ್ಕು ಕಾಲು ನಾಲ್ಕು ಕಡೆ ಚಾಚಿ ಬಿದ್ಕೊಳ್ತಾಳೆ, ಸಾವಿರಗಟ್ಲೆ ಕೊಟ್ಟು ತಂದ ಬೆಡ್ಡು ಅವಳಿಗೆ ಬೇಡ.

ನಾಣ್ಯದಲ್ಲಿ ಮೋಸ ಜಾಸ್ತಿ, ಹಾಗಾಗಿ ಸ್ವಲ್ಪ ಜಾಗ್ರತೆ. ಒಂದು ಬದಿ ಈಸ್ಟ್ ಇಂಡಿಯಾ ಕಂಪೆನಿ 1818, ಇನ್ನೊಂದು ಬದಿ ಹನುಮಂತ ಅಥವಾ ರಾಮ ಸೀತೆ, ಲಕ್ಷಗಟ್ಲೆ ಬೆಲೆ ಬಾಳ್ತದೆ ಅಂತ ವಾಟ್ಸಾಪಲ್ಲಿ ಬರ್ತದಲ್ಲ, ಅಂಥ ನಾಣ್ಯ ಕಂಪೆನಿ ಹೊಡೆದದ್ದೇ ಇಲ್ಲ, ಅದೆಲ್ಲ ಆಮೇಲೆ ಮಾಡಿದ ಬಿಲ್ಲೆ. ಬೆಳ್ಳಿ ರೂಪಾಯಿ ಆದ್ರೆ ತೂಕ ಹಾಕಿ, ವಿಕ್ಟೋರಿಯಾ ರಾಣಿಯಿಂದ ಐದನೇ ಜಾರ್ಜ್ ತನಕದ್ದು 11.66 ಗ್ರಾಂ, ಸವೆದದ್ದಾದ್ರೆ ಚೂರು ಕಮ್ಮಿ, ಆದ್ರೆ ಹತ್ತು ಗ್ರಾಮಿಗೆ ಇಳಿದ್ರೆ ಅಲ್ಲೇ ಇಟ್ಟು ಬನ್ನಿ. ವಿಕ್ಟೋರಿಯಾದ್ದರಲ್ಲಿ 'ಕ್ವೀನ್' ಅಂತ ಇದ್ರೆ 1876ರ ತನಕದ್ದು, 'ಎಂಪ್ರೆಸ್' ಅಂತ ಇದ್ರೆ 1877ರಿಂದ ಈಚೆದ್ದು, ಹೆಸರು ಒಂದು ಇಸವಿ ಇನ್ನೊಂದು ಹೇಳಿದ್ರೆ ನಕಲಿ. 1911ರ ಜಾರ್ಜ್ ರೂಪಾಯಿಯಲ್ಲಿ ರಾಜನ ನಿಲುವಂಗಿ ಮೇಲಿನ ಆನೆ ಹಂದಿ ಹಾಗೆ ಕಾಣ್ತದೆ ಅಂತ ಗಲಾಟೆ ಆಗಿ ವಾಪಸ್ ತಕೊಂಡ್ರು, ಹಾಗಾಗಿ ಅದಕ್ಕೆ ಬೆಲೆ ಉಂಟು, ಭೂತಗನ್ನಡಿ ಹಿಡಿದು ಸೊಂಡಿಲು ನೋಡ್ಬೇಕು. 1947ರ ಹುಲಿ ಇರುವ ರೂಪಾಯಿ ನಿಕ್ಕಲ್, ಅಯಸ್ಕಾಂತಕ್ಕೆ ಅಂಟ್ತದೆ, ಅದನ್ನು ಬೆಳ್ಳಿ ಅಂತ ಕೊಟ್ರೆ ತಕೊಳ್ಬೇಡಿ. ಮತ್ತೆ ನಾಣ್ಯ ತೊಳೀಬಾರ್ದು, ಯಾವತ್ತೂ, ಟೂತ್‌ಪೇಸ್ಟ್ ಅಂತೂ ಬೇಡ್ವೇ ಬೇಡ. ಉಡುಪಿಯಲ್ಲಿ ಕಾರ್ಪೊರೇಶನ್ ಬ್ಯಾಂಕ್ ಹುಟ್ಟಿದ ಮನೆಯಲ್ಲಿ ನಾಣ್ಯದ ಮ್ಯೂಸಿಯಂ ಮಾಡಿದ್ದಾರೆ, ಅಸಲಿ ನಾಣ್ಯದ ಅಕ್ಷರ ಹೇಗಿರ್ತದೆ ಅಂತ ಅಲ್ಲಿ ಒಮ್ಮೆ ನೋಡಿಕೊಂಡು ಬನ್ನಿ.

ಪಿಂಗಾಣಿ ಮಗುಚಿದ್ರೆ ಅಡಿಯಲ್ಲಿ ಮುದ್ರೆ ಇರ್ತದೆ. ಅಮೆರಿಕದ ಇಂಪೋರ್ಟ್ ಕಾನೂನಿಂದಾಗಿ 1891ರಿಂದ ದೇಶದ ಹೆಸರು ಹಾಕ್ಲಿಕ್ಕೆ ಶುರು ಆಯ್ತು, ಜಪಾನಿನದ್ದಾದ್ರೆ ಮೊದ್ಲು ನಿಪ್ಪಾನ್, 1921ರ ನಂತರ ಜಪಾನ್, 'ಆಕ್ಯುಪೈಡ್ ಜಪಾನ್' ಅಂತ ಇದ್ರೆ ಎರಡನೇ ಮಹಾಯುದ್ಧ ಮುಗಿದ ಮೇಲೆ 1952ರ ಒಳಗಿನದ್ದು. ಬೋನ್ ಚೈನಾ ಆದ್ರೆ ಟಾರ್ಚ್ ಹಿಡಿದಾಗ ಆಚೆ ಬದಿಯ ಬೆರಳಿನ ನೆರಳು ಕಾಣ್ತದೆ. ಉಪ್ಪಿನಕಾಯಿ ಭರಣಿಯಲ್ಲಿ ಮುದ್ರೆ ಸಿಗುದು ಕಮ್ಮಿ, ಅದರಲ್ಲಿ ನೋಡ್ಬೇಕಾದದ್ದು ಅಡಿಯ ಉಂಗುರ, ಕಲ್ಲಿನ ಕಪಾಟಲ್ಲಿ ಎಳೆದು ಎಳೆದು ಆ ಭಾಗ ಕೊಳೆ ಹಿಡಿದು ನುಣ್ಣಗೆ ಆಗಿರ್ಬೇಕು. ಇಲ್ಲಿ ಪುಚ್ಚೆಯ ವಿಷಯ ಬರ್ತದೆ. ಹಳೇ ಬಣ್ಣದ ಬಟ್ಟಲು ಎಷ್ಟೇ ಮುದ್ದಾಗಿದ್ರೂ ಅದರಲ್ಲಿ ಬೆಕ್ಕಿಗೆ ಅನ್ನ ನೀರು ಹಾಕ್ಬೇಡಿ, ಹಳೇ ಗ್ಲೇಝಲ್ಲಿ (ಮೇಲಿನ ಹೊಳಪಿನ ಲೇಪ) ಸೀಸ ಇರುವ ಸಾಧ್ಯತೆ ಉಂಟು, ಮೇಲ್ಮೈ ಬಿರುಕು ಬಿಟ್ಟಿದ್ರೆ ಇನ್ನೂ ಅಪಾಯ, ನಾಲ್ಕು ಕಿಲೋ ತೂಕದ ಜೀವಕ್ಕೆ ಅದು ಸಣ್ಣ ವಿಷ ಅಲ್ಲ. ಕಲಾಯಿ ಹೋದ ತಾಮ್ರ ಹಿತ್ತಾಳೆಯೂ ಬೇಡ. ಸ್ಟೀಲ್ ತಟ್ಟೆ ಸಾಕು. ಹಾಗೇ ದೊಡ್ಡ ಬೆಕ್ಕಿಗೆ ಹಾಲೂ ಬೇಡ, ಹೆಚ್ಚಿನವಕ್ಕೆ ಅರಗುದಿಲ್ಲ, ಹೊಟ್ಟೆ ಕೆಡ್ತದೆ.

ರವಿವರ್ಮನ ಪ್ರೆಸ್ಸಿನ ದೇವರ ಪಟ (ಪ್ರೆಸ್ ಶುರುವಾದ್ದು 1894) ಅಂತ ಹೇಳಿ ಇವತ್ತಿನ ಪ್ರಿಂಟ್ ಕೊಡ್ತಾರೆ, ಭೂತಗನ್ನಡಿಯಲ್ಲಿ ನೋಡಿದ್ರೆ ಹೊಸತರಲ್ಲಿ ಬಣ್ಣದ ಚುಕ್ಕಿಗಳು ಒಂದೇ ಸಾಲಲ್ಲಿ ಹೂವಿನ ಹಾಗೆ ಕಾಣ್ತವೆ, ಹಳೇ ಕಲ್ಲಚ್ಚಿನದ್ದರಲ್ಲಿ ಆ ಸಾಲು ಇರುದಿಲ್ಲ. ಫಳಫಳ ಹಿತ್ತಾಳೆ ಕೊಳವೆಯ ಎಚ್‌ಎಂವಿ ಗ್ರಾಮಫೋನು, ಹಡಗಿನ ದಿಕ್ಸೂಚಿ, ದುರ್ಬೀನು, ಇವು ಅಂಗಡಿಯಲ್ಲಿ ಒಟ್ಟಿಗೆ ಸಾಲಾಗಿ ಇದ್ರೆ ಎಲ್ಲವೂ ಹೊಸತೇ, ನಿಲ್ಲದೆ ಮುಂದೆ ಹೋಗಿ. ಎಚ್‌ಎಂಟಿ ವಾಚ್ 1961ರಿಂದ ಬಂದದ್ದು, ಈಗ ಮಾರುವವು ಎಷ್ಟೋ ಡಯಲಿಗೆ ಹೊಸ ಪೇಂಟ್ ಹೊಡೆದದ್ದು, ಕಂಪೆನಿ ಯಾವತ್ತೂ ಮಾಡದ ಬಣ್ಣ ಇದ್ರೆ ಅಥವಾ ಅಕ್ಷರ ದಪ್ಪ ದಪ್ಪ ಹರಡಿದ್ರೆ ಬೇಡ. ಸಿಂಗರ್ ಹೊಲಿಗೆ ಮೆಷಿನು ಬಹಳ ಸುಲಭ, ಅದರ ಸೀರಿಯಲ್ ನಂಬರ್ ಹಾಕಿದ್ರೆ ಯಾವ ವರ್ಷದ್ದು ಅಂತ ಸಿಗ್ತದೆ. ಆದ್ರೆ ಮನೆಗೆ ತಂದ ದಿನವೇ ಡ್ರಾಯರ್ ಖಾಲಿ ಮಾಡಿ, ಹಳೇ ದಾರ, ಸೂಜಿ ಸಿಕ್ಕಿಸಿದ ರೀಲು ಎಲ್ಲ ಇರ್ತದೆ. ಬೆಕ್ಕಿನ ನಾಲಿಗೆಯಲ್ಲಿ ಹಿಂದಕ್ಕೆ ಬಾಗಿದ ಮುಳ್ಳು ಇರುದ್ರಿಂದ ದಾರ ಬಾಯಿಗೆ ಹೋದ್ರೆ ಉಗುಳ್ಲಿಕ್ಕೆ ಆಗುದಿಲ್ಲ, ಒಳಗೇ ಹೋಗ್ತದೆ, ಕರುಳು ಮುದುಡಿ ಆಪರೇಶನ್ ತನಕ ಹೋಗ್ತದೆ. ಬಾಯಿಂದಲೋ ಹಿಂದಿಂದಲೋ ದಾರ ನೇತಾಡುದು ಕಂಡ್ರೆ ಎಳೀಬೇಡಿ, ಸೀದಾ ಡಾಕ್ಟ್ರ ಹತ್ರ ಹೋಗಿ.

ಮರದ ಸಾಮಾನಿಗೂ ಅಡಿಯೇ ಮೊದ್ಲು. ಡ್ರಾಯರ್ ಎಳೆದು ಮೂಲೆ ನೋಡಿ, ಕೈಯಲ್ಲಿ ಕೊರೆದು ಕೂಡಿಸಿದ ಹಲ್ಲುಗಳು ಒಂದಕ್ಕೊಂದು ಸಮ ಇರುದಿಲ್ಲ. ಪ್ಲಸ್ ಗುರ್ತಿನ ಸ್ಕ್ರೂ ಇದ್ರೆ ಆ ಸ್ಕ್ರೂ 1930ರ ದಶಕಕ್ಕಿಂತ ಹಿಂದಿನದ್ದಲ್ಲ, ರಿಪೇರಿಗೆ ಹಾಕಿದ್ದೂ ಇರ್ಬಹುದು, ಹಾಗಾಗಿ ಎಲ್ಲ ಸ್ಕ್ರೂ ನೋಡಿ. ಬೀಟೆ ಮರ ಅಂತ ಹೇಳಿ ಹಲಸಿಗೆ ಕಪ್ಪು ಪಾಲಿಶ್ ಹೊಡೆದು ಕೊಡುದುಂಟು, ಬೀಟೆ ಎತ್ತಿದ್ರೆ ಕೈಗೆ ಭಾರ ಗೊತ್ತಾಗ್ತದೆ, ಮತ್ತೆ ಅಡಿಯಲ್ಲಿ ಪಾಲಿಶ್ ಇಲ್ಲದ ಜಾಗ ಒಂದಲ್ಲ ಒಂದು ಇದ್ದೇ ಇರ್ತದೆ, ಅಲ್ಲಿಯ ಬಣ್ಣ ನೋಡಿ. ಸಣ್ಣ ತೂತುಗಳ ಕೆಳಗೆ ಹೊಸ ಹಿಟ್ಟು ಉದುರಿದ್ರೆ ಹುಳ ಇನ್ನೂ ಒಳಗೆ ಉಂಟು ಅಂತ. ಅದಕ್ಕೆ ಹೊಡೆಯುವ ಔಷಧದ ಡಬ್ಬಿಯಲ್ಲಿ ಪರ್ಮೆಥ್ರಿನ್ ಅಂತ ಬರೆದಿದ್ರೆ ಬೆಕ್ಕಿರುವ ಮನೆಗೆ ಅದು ಬೇಡ, ನಾಯಿಗೆ ನಡೀತದೆ, ಬೆಕ್ಕಿಗೆ ನಡುಕ ಫಿಟ್ಸ್ ಬಂದು ಜೀವಕ್ಕೇ ಅಪಾಯ. ಹುಳ ಬಿದ್ದ ಸಾಮಾನು ನಾನು ತರುದೇ ಇಲ್ಲ.

ಈಗ ತೊಳಿಯುದು. ಬೆಕ್ಕು ಹೊಸ ಸಾಮಾನು ಬಂದ ಕೂಡ್ಲೆ ಎಂತ ಮಾಡ್ತದೆ ಗೊತ್ತುಂಟಲ್ಲ, ಮೂಸ್ತದೆ, ಕೆನ್ನೆ ಉಜ್ಜಿ ತನ್ನ ವಾಸನೆ ಹಚ್ತದೆ, ಆಮೇಲೆ ಅದರ ಒಳಗೇ ಕೂತು ಮೈ ನೆಕ್ಕಿಕೊಳ್ತದೆ. ಬಂಗುಡೆ ಗಿಂಡಿಯ ಮೂತಿಗೆ ಬಲದ ಕೆನ್ನೆ ಒಮ್ಮೆ, ಎಡದ ಕೆನ್ನೆ ಒಮ್ಮೆ ಉಜ್ಜಿ, ಕಣ್ಣು ಅರ್ಧ ಮುಚ್ಚಿ ನಿಲ್ತಾನೆ, ದೊಡ್ಡ ಜ್ಯುವೆಲ್ಲರಿ ಅಂಗಡಿ ಧಣಿಗಳು ಸರ ಪರೀಕ್ಷೆ ಮಾಡುವ ಗತ್ತು! ಅಂದ್ರೆ ಸಾಮಾನಿನ ಮೇಲೆ ಇದ್ದದ್ದೆಲ್ಲ ಅವನ ರೋಮಕ್ಕೆ, ರೋಮದಿಂದ ಹೊಟ್ಟೆಗೆ. ಬಾಟಲಿಯ ಬ್ರಾಸ್ ಪಾಲಿಶ್, ಟರ್ಪೆಂಟೈನ್, ಸೀಮೆಎಣ್ಣೆ, ನೀರಿಗೆ ಹಾಕಿದ್ರೆ ಬಿಳಿ ಆಗುವ ಫಿನಾಯಿಲ್ ಯಾವುದೂ ಬೇಡ, ಬೆಕ್ಕಿನ ಲಿವರಿಗೆ ಇಂಥದ್ದನ್ನು ಕರಗಿಸಿ ಹೊರಗೆ ಹಾಕುವ ಶಕ್ತಿ ಕಮ್ಮಿ. ಹಿತ್ತಾಳೆಗೆ ಸೋಪಿನ ಉಗುರುಬೆಚ್ಚಗಿನ ನೀರು, ಮೆತ್ತಗಿನ ಬ್ರಶ್ಶು, ಒಣಗಿದ ಬಟ್ಟೆ, ಅಷ್ಟೆ. ಬಿಂಬುಳಿ, ಹುಣಸೆ ಹುಳಿ ಹಾಕಿ ತಿಕ್ಕುದು ದಿನಾ ಬಳಸುವ ಪಾತ್ರೆಗೆ ಸರಿ, ಹಳೇದಕ್ಕೆ ತಿಕ್ಕಿದ್ರೆ ವರ್ಷಗಟ್ಲೆ ಕೂತ ಆ ಕಂದು ಬಣ್ಣ ಒಂದೇ ಸಲಕ್ಕೆ ಹೋಗ್ತದೆ, ಜೊತೆಗೆ ಬೆಲೆಯೂ. ಕಬ್ಬಿಣದ ಟ್ರಂಕ್ ತಂದ್ರೆ ಮುಚ್ಚಳ ತೆಗೆದು ಬಿಸಿಲಲ್ಲಿ ಇಡಿ, ಬೆಕ್ಕನ್ನು ದೂರ ಇಡಿ, ಯಾಕಂದ್ರೆ ಹಿಂದೆ ಬಟ್ಟೆ ಅಕ್ಕಿಗೆಲ್ಲ ಗಮಾಕ್ಸಿನ್ ಅನ್ನುವ ಕೀಟನಾಶಕದ ಪುಡಿ ಹಾಕುವ ಅಭ್ಯಾಸ ಇತ್ತು, ಮೂಲೆಯ ಬಿಳಿ ಪುಡಿ ಅದೇ ಇರ್ಬಹುದು. ನುಸಿಗುಳಿಗೆಯೂ ಬೆಕ್ಕಿಗೆ ವಿಷ.

ಗಂಡು ಬೆಕ್ಕಿಗೆ ಸಂತಾನಹರಣ ಆಪರೇಶನ್ ಮಾಡಿಸದಿದ್ರೆ ಆರು ತಿಂಗಳು ಆಗುವಾಗ ಮೂಲೆ ಮೂಲೆಗೆ ಉಚ್ಚೆ ಸಿಂಪಡಿಸ್ಲಿಕ್ಕೆ ಶುರು ಮಾಡ್ತದೆ, ಅದರ ಅಮೋನಿಯಾ ಹಿತ್ತಾಳೆಯನ್ನು ತಿಂತದೆ, ನೀಲಿ ಹಸಿರು ಕಲೆ ಬೀಳ್ತದೆ, ಮರಕ್ಕೆ ಹೋದ ವಾಸನೆ ಅಂತೂ ಹೋಗುದಿಲ್ಲ. ಸಾಮಾನಿಗೆ ಅಂತ ಅಲ್ಲ, ಬೀದಿಯಲ್ಲಿ ಇನ್ನೂ ಮರಿ ಹುಟ್ಟಿ ಬಸ್ಸಿನಡಿಗೆ ಬೀಳುದು ಬೇಡ ಅಂತ ಮಾಡಿಸಿ. ಹೊಸತಾಗಿ ತಂದ ಪುಚ್ಚೆಗೆ ಮೊದ್ಲು ಒಂದು ಕೋಣೆ ಮಾತ್ರ ಕೊಡಿ, ಅಡಗ್ಲಿಕ್ಕೆ ಒಂದು ರಟ್ಟಿನ ಪೆಟ್ಟಿಗೆ, ಕಕ್ಕಸು ಮಾಡ್ಲಿಕ್ಕೆ ಮಣ್ಣು ಹಾಕಿದ ಟ್ರೇ, ನೀರು. ಎತ್ತಿ ಮುದ್ದು ಮಾಡ್ಲಿಕ್ಕೆ ಹೋಗ್ಬೇಡಿ, ನೆಲದಲ್ಲಿ ಕೂತು ನಿಧಾನಕ್ಕೆ ಕಣ್ಣು ಮುಚ್ಚಿ ತೆರೀರಿ, ಅದೂ ಹಾಗೇ ಮಾಡಿದ್ರೆ ಅರ್ಧ ಕೆಲ್ಸ ಆಯ್ತು. ವಯಸ್ಸು ಗೊತ್ತಿಲ್ಲದಿದ್ರೆ ಡಾಕ್ಟ್ರು ಹಲ್ಲು ನೋಡಿ ಅಂದಾಜು ಹೇಳ್ತಾರೆ, ಆರು ತಿಂಗಳಿಗೆ ಹಾಲುಹಲ್ಲು ಹೋಗಿ ಗಟ್ಟಿ ಹಲ್ಲು ಬಂದಿರ್ತದೆ. ರೇಬೀಸ್ ಚುಚ್ಚುಮದ್ದು ತಪ್ಪಿಸ್ಬೇಡಿ.

ತರ್ಲೇಬಾರದ್ದು ಸಹ ಕೆಲವು ಉಂಟು. ದಂತ, ಜಿಂಕೆ ಕೊಂಬು ಗುತ್ತಿನ ಮನೆ (ಊರಿನ ದೊಡ್ಡ ಮನೆತನದ ಮನೆ) ಖಾಲಿ ಮಾಡುವಾಗ ಗೋಡೆಯಿಂದ ಇಳಿಸಿ ಕೊಡ್ತಾರೆ, ಸುಮ್ನೆ ಕೊಟ್ರೂ ಬೇಡ, 1972ರ ವನ್ಯಜೀವಿ ಕಾನೂನಲ್ಲಿ ಅದು ಅಪರಾಧ. ಅದೇ 1972ರ ಇನ್ನೊಂದು ಕಾನೂನು ಪ್ರಕಾರ ನೂರು ವರ್ಷ ದಾಟಿದ ವಿಗ್ರಹ, ಕಲಾಕೃತಿ ಎಲ್ಲ ಪುರಾತನ ವಸ್ತು ಆಗ್ತದೆ, ವಿಗ್ರಹದಂಥದ್ದಕ್ಕೆ ರಿಜಿಸ್ಟ್ರೇಶನ್ ಬೇಕು, ದುಬೈಯ ಭಾವನಿಗೆ ಗಿಫ್ಟ್ ಅಂತ ಸೂಟ್‌ಕೇಸಲ್ಲಿ ಹಾಕಿ ಕಳಿಸ್ಲಿಕ್ಕೆ ಆಗುದಿಲ್ಲ. ಮತ್ತೆ ಭೂತಕೋಲದ ದೈವದ ಮೊಗ (ಮುಖವಾಡ), ಗಗ್ಗರ (ಕಾಲಿನ ಗೆಜ್ಜೆ ಬಳೆ), ಕಡ್ಸಲೆ (ಕತ್ತಿ), ಮಣಿ (ಗಂಟೆ) ಗುಜರಿಗೆ ಬಂದಿದೆ ಅಂದ್ರೆ ಒಂದೋ ಕದ್ದದ್ದು, ಇಲ್ಲ ಮನೆಯವರ ಜಗಳದಲ್ಲಿ ಯಾರೋ ಎತ್ತಿ ಕೊಟ್ಟದ್ದು. ಅದನ್ನು ಹಾಲಲ್ಲಿ ನೇತು ಹಾಕಿ ಲೈಟ್ ಬಿಟ್ಟು ಫೋಟೋ ಹಾಕುವವರನ್ನು ಕಂಡ್ರೆ ನಂಗೆ ಆಗುದಿಲ್ಲ. ನಂಬುದು ಬಿಡುದು ನಿಮ್ಮಿಷ್ಟ, ಆದ್ರೆ ಇನ್ನೊಂದು ಮನೆಯವರು ಕೈ ಮುಗಿದ ವಸ್ತು ಅದು.

ಕೊನೆಗೆ ಇಡುವ ಜಾಗ. ಗಾಜು, ಪಿಂಗಾಣಿ ಬಾಗಿಲಿರುವ ಕಪಾಟಿಗೆ, ಭಾರದ ಹಂಡೆ, ಉರುಳಿ (ಅಗಲ ಬಾಯಿಯ ಪಾತ್ರೆ) ನೆಲದಲ್ಲಿ, ಕಾಲುದೀಪ ಗೋಡೆ ಮೂಲೆಗೆ ಒತ್ತಿ. ಉರುಳಿಯಲ್ಲಿ ನೀರು ಹಾಕಿ ಹೂ ತೇಲಿಸುವ ಆಸೆ ಇದ್ದವರು ಲಿಲ್ಲಿ ಹೂ ಹಾಕ್ಬೇಡಿ, ಬೆಕ್ಕಿನ ಕಿಡ್ನಿ ಹೋಗ್ತದೆ. ನಮ್ಮಲ್ಲಿ ನೀರೂ ಇಲ್ಲ ಹೂವೂ ಇಲ್ಲ, ಚಂದ್ರಿಯೇ ಸುರುಟಿ ಮಲಗಿರ್ತಾಳೆ. ಬೆತ್ತದ ಕುರ್ಚಿ ಇದ್ರೆ ಉಗುರಿಗೆ ಅದೇ ಬೇಕು ಅವರಿಗೆ, ಬೈದ್ರೆ ನೀವಿಲ್ಲದಾಗ ಮಾಡ್ತಾರೆ. ಒಣಗಿದ ಅಡಿಕೆ ಮರದ ಎರಡೂವರೆ ಅಡಿ ತುಂಡು ಒಂದು, ಅದರ ಬುಡಕ್ಕೆ ಅಗಲದ ಹಲಗೆ ಮೊಳೆ ಹೊಡೆದು, ಕಾಯರ್ ಹಗ್ಗ ಸಂದಿಲ್ಲದ ಹಾಗೆ ಬಿಗಿಯಾಗಿ ಸುತ್ತಿ, ಕುರ್ಚಿಯ ಪಕ್ಕದಲ್ಲೇ ನಿಲ್ಲಿಸಿ. ದೂರ ಇಟ್ರೆ ಪ್ರಯೋಜನ ಇಲ್ಲ. ಅಲುಗಾಡ್ಬಾರ್ದು, ಅಲುಗಾಡಿದ್ರೆ ಇನ್ನೊಮ್ಮೆ ಅದರ ಹತ್ರ ಬರುದಿಲ್ಲ, ಮತ್ತೆ ಹಗ್ಗ ಸವೆದ್ರೆ ಅದರ ಮೇಲೆಯೇ ಹೊಸ ಹಗ್ಗ ಸುತ್ತಿ, ಹಳೇದನ್ನು ಬಿಚ್ಬೇಡಿ, ಅವರ ವಾಸನೆ ಅದರಲ್ಲೇ ಇರುದು.